ಒಬ್ಬಾಕಿಯ ಪಾಸ್ತಾ

ನನ್ನ ಅಡುಗೆ ಒಲೆಯ ಮೇಲೆ ಹನುಮಪ್ಪನಿಗೆ ಅದೇನು ಪ್ರೀತಿಯೋ, ವಾರಕ್ಕೊಂದಾದರೂ ತಮಾಷೆ ನಡೆಸಿ ನಗುತ್ತಾನೆ.

ಆಂಧ್ರ ಗಡಿಯ ಪೆದ್ದಕಡುಬೂರಿನ ಶಾಲೆಗೆ ವರ್ಗವಾಗಿ ಬಂದವಳು ಹತ್ತಿರದ ಆದವಾನಿಯಲ್ಲಿ ಆರು ಮನೆ ಸುತ್ತಿ ಒಂದು ಕೋಣೆ ಹಿಡಿದೆ. ಕಿಟಕಿ ತೆರೆದರೆ ಎದುರಿಗೇ ಹನುಮಪ್ಪನ ಗುಡಿ. ಆದರೆ ಮನೆ ಒಡತಿ ಮೊದಲ ದಿನವೇ ಹೇಳಿಬಿಟ್ಟರು: "ನೋಡವ್ವ ಟೀಚರಮ್ಮ, ಮೊಟ್ಟಿ ಗಿಟ್ಟಿ ಸುದ್ದಿ ಬ್ಯಾಡ. ಒಂದು ತಿಂಗಳು ನೋಡತೀನಿ. ಸರಿ ಕಂಡ್ರ ಇರು, ಇಲ್ಲಾಂದ್ರ ಬ್ಯಾರೆ ಕಡಿ ನೋಡ್ಕ."

ಹಿಡಿ ಲೆಕ್ಕ

ಒಬ್ಬಳಿಗೆ ಅನ್ನ, ಸಾರು, ಪಲ್ಯ ಎಲ್ಲ ಮಾಡುವುದು ಬೇಸರವಾಗಿ ಒಂದು ದಿನ ಕೊಳವೆಯಾಕಾರದ ಪಾಸ್ತಾ ತಂದೆ. "ಒಬ್ಬರಿಗೆ ಒಂದು ಹಿಡಿ ಸಾಕ್ರಿ ಮೇಡಂ" ಎಂದ ಅಂಗಡಿಯವನು.

ಆದರೆ ನಮ್ಮವ್ವ ಕಲಿಸಿದ ಅಳತೆ ಬೇರೆ. ನಮಗೊಂದು ಹಿಡಿ, ದೇವರಿಗೊಂದು ಹಿಡಿ, ಬಾಗಿಲಿಗೆ ಬಂದವರಿಗೊಂದು ಹಿಡಿ. ಹಾಗೇ ಹಾಕಿದೆ. ಗಜ್ಜರಿ, ಬೀನ್ಸು, ಟೊಮೆಟೊ ಹೆಚ್ಚುವಷ್ಟರಲ್ಲಿ ಅದು ಉಬ್ಬಿ ಪಾತ್ರೆಯ ಮುಚ್ಚಳವನ್ನೇ ಎತ್ತಿ ಹಿಡಿದಿತ್ತು. ಬಾಗಿಲಿಗೆ ಯಾರೂ ಬರಲಿಲ್ಲ. ರಾತ್ರಿ ಅದನ್ನೇ ಉಂಡೆ, ಬೆಳಿಗ್ಗೆ ಅದೇ, ಶಾಲೆಯ ಡಬ್ಬಿಗೂ ಅದೇ.

ಮೂರು ಹಿಡಿ ಹಾಕಿದ್ದು ನಾನು. ಉಳಿದದ್ದನ್ನು ಸ್ವಾಮಿಯೇ ಹಾಕಿರಬೇಕು.

ತೂತಿನ ವಿಚಾರ

ಎರಡನೆಯ ಸಲ ಮಾಡಿದಾಗ ನೈವೇದ್ಯಕ್ಕಿಟ್ಟು ಕಣ್ಣು ಮುಚ್ಚಿದ್ದೆ. ಬಾಗಿಲಲ್ಲಿ ಒಡತಿಯ ದನಿ ಕೇಳಿತು.

"ಇದೇಮಿ ತಲ್ಲೀ, ಇದೇನವ್ವ! ಹುಳ ಇದ್ದಂಗ ಐತಿ, ದೇವ್ರ ಮುಂದ ಇಟ್ಟೀಯಲ್ಲ?"

"ಗೋಧಿ ರವೀದು ರೀ ಅಮ್ಮಾ. ಮೊಟ್ಟಿ ಇಲ್ರಿ."

ಅವರು ಬಗ್ಗಿ ನೋಡಿದರು. "ಈ ತೂತಿನಾಗ ಏನೈತಿ?"

"ಏನೂ ಇಲ್ರಿ."

"ಏನೂ ಇಲ್ಲದ್ದಕ್ಕ ರೊಕ್ಕ ಕೊಟ್ಟು ತಂದೀಯೇನು?"

ಹೋಗುತ್ತಾ ತಿರುಗಿ ನಿಂತು, "ಶನಿವಾರಕ್ಕ ತಿಂಗಳು ತುಂಬತೈತಿ, ನೆನಪಿರಲಿ" ಎಂದರು. ಅಂದಿನ ನೈವೇದ್ಯದಲ್ಲಿ ಉಪ್ಪಿಗಿಂತ ನನ್ನ ಪ್ರಾರ್ಥನೆಯೇ ಹೆಚ್ಚಾಯಿತು.

ಶನಿವಾರದ ಒಪ್ಪತ್ತು

ಶನಿವಾರ ನನಗೂ ಒಡತಿಗೂ ಒಪ್ಪತ್ತು. ಸಂಜೆ ಅನ್ನ ಮುಟ್ಟುವಂತಿಲ್ಲ, ಟಿಫಿನ್ನೇ. ಉಳ್ಳಾಗಡ್ಡಿ ಹಾಕದೆ, ಜೀರಿಗೆ ಒಗ್ಗರಣೆ ಕೊಟ್ಟು ಪಾಸ್ತಾ ಇಳಿಸುತ್ತಿದ್ದೆ. ಒಡತಿ ಬಂದು ನಿಂತರು. 'ಸ್ವಾಮಿ, ನೀ ಕಾಣೋ ಈ ಕಿಟಕಿ ತಪ್ಪಿಸಬ್ಯಾಡ' ಅಂತ ಮನಸ್ಸಿನಲ್ಲೇ ಕೈ ಮುಗಿದೆ.

"ಅದು ಗೋಧಿ ರವೀದು ಅಂದಿದ್ದಿಯಲ್ಲ, ಖರೇನಾ?"

"ಹನುಮಪ್ಪನ ಮುಂದ ಸುಳ್ಳು ಹೇಳತೀನೇನ್ರಿ?"

"ಹಂಗಾದ್ರ ಒಪ್ಪತ್ತಿಗೆ ನಡೀತೈತಿ. ಪ್ರತಿ ಶನಿವಾರ ಉಪ್ಪಿಟ್ಟು ತಿಂದು ತಿಂದು ನಾಲಿಗಿ ಸತ್ತು ಹೋಗೈತಿ. ಒಂದೀಟು ಹಾಕು."

ಹೇಳುತ್ತಲೇ ಕೂತರು. ಸೆರಗಿನ ಮರೆಯಿಂದ ತಟ್ಟೆಯೊಂದನ್ನು ಹೊರಗೆ ತೆಗೆದರು! ಎರಡು ಸಲ ಹಾಕಿಸಿಕೊಂಡರೂ ಪಾತ್ರೆ ಇನ್ನೂ ಅರ್ಧ ತುಂಬೇ ಇತ್ತು. ಕೊನೆಗೆ ತಟ್ಟೆಯಲ್ಲಿ ಉಳಿದ ಒಂದೇ ಒಂದು ಕೊಳವೆಯನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ಕಿಟಕಿಯ ಕಡೆ ಹಿಡಿದು ನೋಡಿದರು.

"ತೂತಿನಾಗ ಏನೂ ಇಲ್ಲ ಅಂದಿದ್ದಿಯಲ್ಲವ್ವ? ನೋಡಿಲ್ಲಿ, ಹನುಮಪ್ಪನ ಗುಡಿ ಕಾಣತೈತಿ!"

ಧೈರ್ಯ ಮಾಡಿ ಕೇಳಿದೆ: "ಅಮ್ಮಾ, ಕೋಣಿ...?"

"ಕೋಣಿ ನಿಂದಽ ಬಿಡು. ಮುಂದಿನ ಶನಿವಾರ ನಮ್ಮ ಭಜನಿ ಮಂದಿ ಬರತಾರ, ಹನ್ನೆರಡು ಜನ. ನೀನೇನೂ ತ್ರಾಸ ತಗಾಬ್ಯಾಡವ್ವ. ದಿನಾ ಒಬ್ಬಾಕಿಗೆ ಎಷ್ಟು ಮಾಡತೀಯೋ ಅಷ್ಟು ಮಾಡು, ಸಾಕಾಗತೈತಿ!"