ಅಳಿವೆಯಲ್ಲಿ ಅತ್ತೆಯ ಹರಕೆ

ನಮ್ಮ ಅತ್ತೆಯ ಪ್ರಕಾರ ಹಸಿವಿಲ್ಲದ ಜೀವಿ ಈ ಲೋಕದಲ್ಲೇ ಇಲ್ಲ. ಹಸಿವನ್ನು ಒಪ್ಪಿಕೊಳ್ಳದೆ ಬಿಂಕ ಮಾಡುವ ಜೀವಿಗಳಿವೆ, ಅಷ್ಟೆ! ಅತ್ತೆ ಎಂದರೆ ನನ್ನ ತಂದೆಯ ತಂಗಿ, ಹೆಂಡತಿಯ ತಾಯಿಯಲ್ಲ. ಆದ್ದರಿಂದಲೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೈಸೂರಿನಿಂದ ಕಡಲಾಚೆಯ ಲಿಮೆರಿಕ್‌ನ ನಮ್ಮ ಮನೆಗೆ ಅವರು ಬಂದ ಕೆಲವೇ ದಿನಗಳಲ್ಲಿ ಪಾರ್ಸೆಲ್ ತರುವವನು ಬಾಗಿಲಲ್ಲೇ ನಿಂತು ಉಪ್ಪಿಟ್ಟು ತಿನ್ನತೊಡಗಿದ. ಬಾಯ್ಲರ್ ರಿಪೇರಿಯವನು "ನೋ ನೋ, ಐ ಆಮ್ ಗ್ರ್ಯಾಂಡ್" ಎಂದ. ಇಲ್ಲಿನವರು ಏನನ್ನೇ ಬೇಡವೆನ್ನುವುದಿದ್ದರೂ ಹೀಗೆಯೇ ಹೇಳುವುದು. ಅತ್ತೆ, "ಸಂಕೋಚ ಪಾಪ" ಎಂದು ಇನ್ನೆರಡು ಚಪಾತಿ ಹಾಕಿದರು. ಬಾಯ್ಲರ್ ಇವತ್ತಿಗೂ ನೆಟ್ಟಗಾಗಿಲ್ಲ. ಆತ ಮಾತ್ರ ಊಟದ ಹೊತ್ತಿಗೆ ಸರಿಯಾಗಿ ಬಂದು ಅದನ್ನು ವಿಚಾರಿಸಿಕೊಂಡು ಹೋಗುತ್ತಾನೆ.

ಅತ್ತೆ ಬಂದದ್ದು ಪ್ರವಾಸಕ್ಕಲ್ಲ. ನನಗೆ ನ್ಯುಮೋನಿಯಾ ಆಗಿ, ಅದು ವಿಕೋಪಕ್ಕೆ ಹೋಗಿ ಐಸಿಯು ಸೇರಿದ್ದೆ. ಅವರು ಹಾಗೂ ಹೀಗೂ ವೀಸಾ ಮಾಡಿಸಿಕೊಂಡು ಓಡಿ ಬಂದರು. ಬಂದವರೇ ಹರಕೆ ಹೊತ್ತರು. ಹುಡುಗ ಎದ್ದು ಓಡಾಡಿದರೆ ಅವನನ್ನು ಶೃಂಗೇರಿಗೆ ಕರೆದೊಯ್ದು, ಅವನ ಕೈಯಿಂದಲೇ ತುಂಗೆಯ ಮೀನುಗಳಿಗೆ ಪುರಿ ಹಾಕಿಸುತ್ತೇನೆ ಎಂದು. ಹುಡುಗ, ಎಂದರೆ ತಲೆಯೆಲ್ಲ ನರೆತ ನಾನು, ಎದ್ದೆ. ಆದರೆ ಸದ್ಯಕ್ಕೆ ವಿಮಾನ ಹತ್ತಬಾರದು ಎಂದರು ಡಾಕ್ಟರು. ಅತ್ತೆಯ ವೀಸಾ ಮುಗಿಯುತ್ತಾ ಬಂದಿತ್ತು.

"ಹರಕೆ ತೀರಿಸ್ದೆ ನಾನಂತೂ ಹೋಗಲ್ಲ ಕಣೋ. ನಾನು ಆ ಕಡೆ ಹೋದ್ಮೇಲೆ ನಿಂಗೆ ಮತ್ತೇನಾದ್ರೂ ಆದ್ರೆ?"

ಇಮಿಗ್ರೇಷನ್‌ನವರಿಗೆ ಏನೆಂದು ಬರೆಯುವುದು? ಹರಕೆ ಬಾಕಿ ಇದೆ ಎಂದೇ?

ಪರಿಹಾರವನ್ನು ಅತ್ತೆಯೇ ನನ್ನ ಹೆಂಡತಿಯ ಫೋನಿನಲ್ಲಿ ಕಂಡುಹಿಡಿದರು. ಸೊಂಟದವರೆಗೆ ನೀರಿನಲ್ಲಿ ನಿಂತವನೊಬ್ಬ ದೊಡ್ಡದೊಂದು ಮೀನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಭಕ್ತಿಯಿಂದ ನಗುತ್ತಿದ್ದ ಚಿತ್ರ. "ನೋಡು, ಇಲ್ಲೂ ಮೀನಿನ ಸೇವೆ ಇದೆ!" ಅದು ಸಾಲ್ಮನ್ ಹಿಡಿಯಲು ಗೈಡ್ ಜೊತೆ ಹೋಗುವ ಟ್ರಿಪ್ಪಿನ ಜಾಹೀರಾತು ಎಂದು ನಾನು ಬಾಯಿ ಬಿಡುವಷ್ಟರಲ್ಲಿ ಹೆಂಡತಿ ಬುಕ್ ಮಾಡಿಯೂ ಆಗಿತ್ತು.

"ಆದ್ರೆ ಇದು ತುಂಗೆ ಅಲ್ವಲ್ಲ ಅತ್ತೆ?"

"ಸ್ನಾನದ ಬಕೆಟ್ಟಿಗೇ ಗಂಗೆ, ಯಮುನೆ, ಕಾವೇರಿನೆಲ್ಲ ಕರೆಯೋರು ನಾವು. ಇಷ್ಟು ದೊಡ್ಡ ನದಿಗೆ ತುಂಗೆ ಬರಲ್ವಾ?"

ಪಕ್ಕದ ಕೆರ್ರಿ ಜಿಲ್ಲೆಯ ಕಡೆ, ನದಿ ಸಮುದ್ರ ಸೇರುವ ಅಳಿವೆಯಲ್ಲಿ ಗೈಡ್ ಕಾಯುತ್ತಿದ್ದ. ಎದೆಯವರೆಗೆ ರಬ್ಬರ್ ಪ್ಯಾಂಟು, ಕೆಂಪು ಮುಖ. ಎದುರಿಗೆ ಸೀರೆಯ ಮೇಲೆ ನನ್ನ ರೈನ್‌ಕೋಟು ತೊಟ್ಟು, ಬಗಲಲ್ಲಿ ಪುರಿಯ ಚೀಲ ಹಿಡಿದ ಅತ್ತೆ. ಅವನು ಅವರ ಕೈಗೆ ಗಾಳದ ಕೋಲು ಕೊಟ್ಟ. ಅತ್ತೆ ದಾರವನ್ನು ಹಿಡಿದು ತುದಿಯವರೆಗೂ ನೋಡಿಕೊಂಡು ಹೋದರು. ತುದಿಯಲ್ಲಿ ಬಣ್ಣದ ಪುಕ್ಕ, ಪುಕ್ಕದೊಳಗೆ ಕೊಕ್ಕೆ.

"ಅಯ್ಯೋ ಶಿವನೆ, ಊಟದಲ್ಲಿ ಮುಳ್ಳಿಟ್ಟು ಕರೀತಾರಾ? ತೆಗೆದುಬಿಡಪ್ಪ ಇದನ್ನ."

ನಾನು ನಾಚಿಕೊಂಡೇ ಭಾಷಾಂತರಿಸಿದೆ. ಗೈಡ್ ಒಮ್ಮೆ ಅತ್ತೆಯನ್ನು, ಒಮ್ಮೆ ಆಕಾಶವನ್ನು ನೋಡಿದ. "ಗ್ರ್ಯಾಂಡ್, ಸೋ," ಎಂದ. ಒಪ್ಪಿಕೊಳ್ಳುವುದಕ್ಕೂ ಇಲ್ಲಿ ಅದೇ ಮಾತು. ಇಕ್ಕಳ ತೆಗೆದು ಕೊಕ್ಕೆ ಕತ್ತರಿಸಿದ. ಆಮೇಲೆ ಬೆಳಗಿನ ಹೊತ್ತೆಲ್ಲ ಅವನು ಬರೀ ಪುಕ್ಕವನ್ನು ನೀರಿಗೆ ಎಸೆಯುವುದು, ಎಳೆಯುವುದು. ಅವನ ವೃತ್ತಿಜೀವನದಲ್ಲಿ ಇಂಥ ಅಹಿಂಸೆ ನಡೆದಿರಲಾರದು!

ಕೊನೆಗೆ ದೂರದಲ್ಲಿ ಬೆಳ್ಳಗೆ ಹೊಳೆಯುವ ಮೀನೊಂದು ನೀರಿನಿಂದ ಎಗರಿ ಬಿತ್ತು. "ಹಾಕೋ, ಹಾಕೋ!" ಎಂದು ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು. ನಾನು ಬೊಗಸೆ ತುಂಬ ಪುರಿ ಎಸೆದೆ. ಎಲ್ಲಿದ್ದವೋ ಕಡಲಹಕ್ಕಿಗಳು, ಮದುವೆ ಮನೆಯ ಮೊದಲ ಪಂಕ್ತಿಗೆ ನುಗ್ಗುವವರಂತೆ ಬಂದು ಅಷ್ಟನ್ನೂ ಮುಗಿಸಿದವು. ಮೀನಿನ ಸುಳಿವಿಲ್ಲ.

"ಯಾಕಂತೆ ಬರಲ್ಲ?"

ಗೈಡ್ ಹೇಳಿದ್ದನ್ನು ಅತ್ತೆಗೆ ಅಳುಕುತ್ತಲೇ ಹೇಳಿದೆ. ಸಮುದ್ರದಿಂದ ನದಿಗೆ ಕಾಲಿಟ್ಟ ಸಾಲ್ಮನ್ ಏನನ್ನೂ ತಿನ್ನುವುದಿಲ್ಲವಂತೆ. ಹುಟ್ಟಿದ ಜಾಗಕ್ಕೆ ಹೋಗಿ ಮೊಟ್ಟೆಯಿಡುವ ತನಕ ಉಪವಾಸವೇ ಅಂತೆ. ಗಾಳದ ಪುಕ್ಕಕ್ಕೆ ಬಾಯಿ ಹಾಕುವುದೂ ಹಸಿವಿನಿಂದಲ್ಲ, ಸಿಟ್ಟಿನಿಂದಂತೆ.

ಹಸಿವಿಲ್ಲದ ಜೀವಿಯನ್ನು ಅತ್ತೆ ಮೊದಲ ಸಲ ಕಂಡಿದ್ದರು. ಮುಖ ಬಾಡಿತು. ಚೀಲದ ಬಾಯಿ ಹಿಡಿದುಕೊಂಡು ಬಂಡೆಯ ಮೇಲೆ ಕೂತುಬಿಟ್ಟರು. ಹರಕೆ ಒಪ್ಪಿಗೆಯಾಗಲಿಲ್ಲ ಎಂದರೆ ಅವರ ಪಾಲಿಗೆ ನಾನಿನ್ನೂ ಗುಣವಾಗಿಲ್ಲ ಎಂದೇ ಅರ್ಥ. ನನಗೂ ಭಯವಾಯಿತು. ಗೈಡ್ ಟೋಪಿ ತೆಗೆದು ನಿಂತ, ಯಾರೋ ತೀರಿಹೋದವರ ಮುಂದೆ ನಿಂತ ಹಾಗೆ.

ಅತ್ತೆ ತಲೆಯೆತ್ತಿದರು. "ಅಲ್ವೋ, ದಿನಾ ದೇವರಿಗೆ ನೈವೇದ್ಯ ಮಾಡ್ತೀವಲ್ಲ, ದೇವರೇನು ತಿಂತಾನಾ?"

"ಇಲ್ಲ."

"ಮತ್ತೆ? ಮುಂದೆ ಇಡೋದಷ್ಟೇ ನಮ್ ಕೆಲಸ. ಹಾಕು."

ಈ ತರ್ಕಕ್ಕೆ ಯಾವ ಶಾಸ್ತ್ರಿಗಳು ಎದುರಾಡಬಲ್ಲರು? ಮತ್ತೊಂದು ಬೊಗಸೆ ನೀರಿಗೆ ಬಿಟ್ಟೆ. ಅತ್ತೆ ಕಣ್ಣು ಮುಚ್ಚಿ ಕೈ ಮುಗಿದರು. ನೈವೇದ್ಯವಾದ ಮೇಲೆ ಉಳಿದದ್ದು ಪ್ರಸಾದವಾಯಿತಲ್ಲ, ಮೊದಲು ಗೈಡ್‌ನ ಅಂಗೈ ತುಂಬಿತು. ನಾನೂ ಬಲಗೈ ಚಾಚಿದೆ. ಅತ್ತೆ ಅದನ್ನು ಪಕ್ಕಕ್ಕೆ ಸರಿಸಿದರು.

"ಬಾಯಿ ತೆಗಿ."

"ನಾನೇನು ಮಗುನಾ ಅತ್ತೆ? ಕೈಗೇ ಕೊಡಿ."

"ಐಸಿಯು ಬಿಟ್ಟು ವಾರ್ಡಿಗೆ ಬಂದ್ಮೇಲೆ ದಿನಾ ಗಂಜಿ ಚಮಚ ಹಿಡ್ಕೊಂಡು ನಿನ್ ಮುಂದೆ ಕೂತಿರ್ತಿದ್ದೆ. ನೀನು ಬಾಯೇ ತೆಗೀತಿರ್ಲಿಲ್ಲ. ಅಷ್ಟೂ ತಗೊಂಡ್ಹೋಗಿ ಸಿಂಕಿಗೆ ಸುರೀತಿದ್ದೆ ಕಣೋ."

ನನಗೆ ಅದೊಂದೂ ನೆನಪಿಲ್ಲ. ಅವರು ಪುರಿ ಹಿಡಿದ ಕೈಯನ್ನು ನನ್ನ ತುಟಿಯವರೆಗೆ ತಂದರು. ಬಾಯಿ ತೆರೆದೆ. ಅಗಿದು ನುಂಗುವವರೆಗೂ ಅವರು ನನ್ನ ಗಂಟಲನ್ನೇ ನೋಡುತ್ತಾ ನಿಂತಿದ್ದರು.

"ಆಯ್ತು," ಎಂದು ಕಣ್ಣೊರೆಸಿಕೊಂಡರು. "ಇನ್ನು ನಾನು ಊರಿಗೆ ಹೊರಡ್ತೀನಿ."

ಅವರನ್ನು ಕಳಿಸುವ ಮನಸ್ಸು ನನಗೆ ಎಳ್ಳಷ್ಟೂ ಇರಲಿಲ್ಲ. ಅದನ್ನು ಹೇಳುವ ಬದಲು, ಇನ್ನೊಂದು ತುತ್ತಿಗೆ ಮತ್ತೆ ಬಾಯಿ ತೆರೆದೆ.