ಕಾಂತರಾಜು ಮೇಷ್ಟ್ರ ಗಾಜಿನ ಲೋಟ

ಹೊಸದೇನು ಕಂಡರೂ ಅದಕ್ಕೊಂದು ಪೂಜೆ ಮಾಡದೆ ನರಸಿಂಹಯ್ಯನವರ ಕೈ ಸುಮ್ಮನಿರುತ್ತಿರಲಿಲ್ಲ. ದೊಡ್ಡಬೆಳವಂಗಲದ ಆ ಶಾಲೆಗೆ ಅವರು ಹೆಡ್‌ಮಾಸ್ಟರು. ಕರಕುಶಲ ಮೇಷ್ಟ್ರು ಕಾಂತರಾಜುವಿನ ಗ್ರಹಚಾರ ಶುರುವಾದದ್ದು ಅಲ್ಲಿಂದಲೇ.

ಕಾಂತರಾಜುವಿಗೆ ದೇವನಹಳ್ಳಿಗೆ ವರ್ಗವಾಗಬೇಕಿತ್ತು. ಹೆಂಡತಿ ಆಶಾರಾಣಿಗೆ ಏರ್‌ಪೋರ್ಟಿನಲ್ಲಿ ಕೆಲಸ, ಮನೆ ಅಲ್ಲೇ. ಬಸ್ಸಿಗೆ ಬಸ್ಸು ಹಿಡಿದು ಓಡಾಡುವ ಅವನು ಹೊರಡುವಾಗಲೂ ಸೇರುವಾಗಲೂ ಪುಟ್ಟ ಮಗಳು ನಿದ್ದೆಯಲ್ಲಿರುತ್ತಿದ್ದಳು. ಭಾನುವಾರ ಅಪ್ಪನನ್ನು ಕಂಡರೆ ಮಧ್ಯಾಹ್ನದವರೆಗೆ ಯಾರೋ ನೆಂಟರು ಬಂದರೆಂದು ಅಮ್ಮನ ಸೆರಗು ಹಿಡಿಯುತ್ತಿದ್ದಳು.

ಎರಡೂ ಊರಿನ ಶಾಲೆಗಳನ್ನು ನಡೆಸುವ ಆಡಳಿತ ಮಂಡಳಿಯ ಕಾರ್ಯದರ್ಶಿ ದೊಡ್ಡಮುನಿಯಪ್ಪನವರು ಒಂದು ದಿನ ಶಾಲೆ ನೋಡಲು ಬರುವವರಿದ್ದರು. ಅವರನ್ನು ಮೆಚ್ಚಿಸಿ ವರ್ಗ ಕೇಳೋಣವೆಂದು ಕಾಂತರಾಜು ಹಳೆಯ ಕಸುಬುದಾರ ಪಿಳ್ಳಪ್ಪನನ್ನು ಕರೆತಂದು, ಮಕ್ಕಳಿಗೆ ಗಾಜು ಊದುವುದನ್ನು ಕಲಿಸುವ ಏರ್ಪಾಡು ಮಾಡಿದ್ದ.

ಪಿಳ್ಳಪ್ಪ ಬಾಟಲಿ ಚೂರುಗಳನ್ನು ಕುಲುಮೆಯಲ್ಲಿ ಕರಗಿಸಿ, ಕಬ್ಬಿಣದ ಕೊಳವೆಯ ತುದಿಗೆ ಹಿಡಿದು ಊದಿದ. ಕೆಂಡದಂಥ ಮುದ್ದೆ ಉಬ್ಬಿ ಲೋಟವಾಯಿತು. ಮಕ್ಕಳು ಬಾಯಿ ಬಿಟ್ಟು ನೋಡುತ್ತಿದ್ದರು. ಅಷ್ಟರಲ್ಲಿ ನರಸಿಂಹಯ್ಯನವರು ತೆಂಗಿನಕಾಯಿ ಒಡೆದು, ಭಕ್ತಿಯಿಂದ ಅದರ ನೀರನ್ನು ಬಿಸಿ ಲೋಟದ ಮೇಲೆ ಪ್ರೋಕ್ಷಿಸಿಬಿಟ್ಟರು. ಲೋಟ ಟಪ್ಪೆಂದು ಚೂರಾಯಿತು.

“ದೃಷ್ಟಿ ಇತ್ತು, ಹೋಯ್ತು ಬಿಡಿ,” ಎಂದು ಅವರೇ ಸಮಾಧಾನ ಹೇಳಿದರು.

ಪಿಳ್ಳಪ್ಪ ಇನ್ನೊಂದು ಊದಿ, ನಿಧಾನವಾಗಿ ಆರಬೇಕೆಂದು ಬಿಸಿ ಬೂದಿಯಲ್ಲಿ ಹೂತಿಟ್ಟ. ಬಿಸಿಯೂಟದ ಸೊಣ್ಣಮ್ಮನಿಗೆ ಪಾತ್ರೆ ಬೆಳಗಲು ಬೂದಿ ಬೇಕಿತ್ತು. ಸುಡುತ್ತಿದೆಯಲ್ಲ ಎಂದು ಒಂದು ಬಿಂದಿಗೆ ನೀರು ಸುರಿದಳು. ಬೂದಿಯೊಳಗೆ ಮತ್ತೆ ಟಪ್ಪೆಂದಿತು. ಕಾಂತರಾಜು ತಲೆಯ ಮೇಲೆ ಕೈ ಹೊತ್ತು ಕೂತ. ಒಳಗೆ ಏನಿದೆಯೆಂದು ತನಗೇನು ಕನಸು ಬಿದ್ದಿತ್ತೇ ಎಂದು ಅವಳು ಅವನ ಮೇಲೇ ರೇಗಿದಳು. ಕರಗಿಸಿದ ಗಾಜೂ ಮುಗಿದಿತ್ತು.

ಗೇಟಿನಲ್ಲಿ ಕಾರಿನ ಸದ್ದಾಯಿತು. ಕಾಂತರಾಜು ಹಿತ್ತಲಿನಿಂದ ಓಡಿ, ಎದುರಿನ ಹೋಟೆಲಿನಿಂದ ಒಂದು ಟೀ ಲೋಟ ಇಸಿದುಕೊಂಡು, ತೊಳೆದು ತಂದು ಮೇಜಿನ ಮೇಲಿಟ್ಟ. ಪಿಳ್ಳಪ್ಪ ಪಾಪ, ಮುಖವನ್ನು ಆಚೆ ತಿರುಗಿಸಿಕೊಂಡ.

ದೊಡ್ಡಮುನಿಯಪ್ಪನವರು ಲೋಟವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಗೆರೆಗಳೆಲ್ಲ ಅಚ್ಚು ಹಾಕಿದ ಹಾಗಿವೆ ಎಂದು ಬೆರಗಾದರು. ಕಾಂತರಾಜು ಇದೇ ಸಮಯವೆಂದು ಕೈಕಟ್ಟಿ ನಿಂತು ವರ್ಗದ ಮಾತೆತ್ತಿದ.

“ಅಯ್ಯೋ, ಅದಕ್ಕೇ ಬಂದಿದ್ದೆ ಮೇಷ್ಟ್ರೇ. ಇಲ್ಲಿ ನಿಮ್ಮಿಂದ ಏನೂ ಆಗ್ತಿಲ್ಲ ಅಂತ ದೂರಿತ್ತು. ದೇವನಹಳ್ಳಿ ಆಫೀಸಲ್ಲಿ ಕೂರ್ಸೋಣ ಅಂತಿದ್ದೆ. ಇಂಥಾ ಕೆಲ್ಸ ನೋಡಿದ್ಮೇಲೆ ನಿಮ್ಮನ್ನ ಹೆಂಗೆ ಕಳ್ಸ್ಲಿ? ಭಾನುವಾರಾನೂ ಬನ್ನಿ, ಸುತ್ತಮುತ್ತಲ ಶಾಲೆ ಮಕ್ಳಿಗೂ ಕಲಿಸ್ಬೇಕು.”

ನಿಜ ಹೇಳಿಬಿಡೋಣವೆಂದು ಕಾಂತರಾಜು ಬಾಯಿ ತೆರೆದ. ಅಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು, ನರಸಿಂಹಯ್ಯನವರಂತೂ ಮಕ್ಕಳಿಗಿಂತ ಜೋರಾಗಿ.