ಮೆಣಸಿನ ಬಳ್ಳಿಗೆ ಹೋದ ನನ್ನ ಪ್ರೋಟೀನು

ನಲವತ್ತೆಂಟನೆಯ ವಯಸ್ಸಿನಲ್ಲಿ ತೋಳು ದಪ್ಪ ಮಾಡಿಕೊಳ್ಳಲು ಹೊರಟವನನ್ನು ಯಾರೂ ತಡೆಯಬಾರದು. ಸ್ವಲ್ಪ ದಿನದಲ್ಲಿ ಅವನಾಗಿಯೇ ನಿಲ್ಲುತ್ತಾನೆ. ನಾನು ಸಿದ್ದಾಪುರದ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ರೈಟರ್. ಬೆಳಿಗ್ಗೆ ಕೆಲಸದವರ ಹಾಜರಿ ಹಾಕುವುದು, ಗೊಬ್ಬರದ ಮೂಟೆ ಎಣಿಸುವುದು ನನ್ನ ಉದ್ಯೋಗ. ಹುಟ್ಟೂರು ಶಿರಂಗಾಲ. ರಾಗಿಮುದ್ದೆ ತಿಂದು ಬೆಳೆದರೂ ಮೈ ಮಾತ್ರ ಕೊಡೆಯ ಕಡ್ಡಿ. ಒಂದು ಮದುವೆ ಮನೆಯಲ್ಲಿ ನಮ್ಮ ಸಾಹುಕಾರರು ಎಲ್ಲರೆದುರಿಗೇ, "ರೈಟ್ರೇ, ಗಾಳಿ ಬಂದಾಗ ಕಂಬ ಹಿಡ್ಕೊಳ್ಳಿ ಮಾರಾಯ್ರೇ" ಎಂದುಬಿಟ್ಟರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಬಹಳ ಬೇಜಾರಾಯಿತು.

ಮರುದಿನದಿಂದಲೇ ದಿನಕ್ಕೆ ಎಂಟು ಮೊಟ್ಟೆ, ಎರಡು ಲೋಟ ಪ್ರೋಟೀನ್ ಪುಡಿ. ಹೆಂಡತಿ ಜಯ ಮೊಟ್ಟೆ ಬೇಯಿಸಿ ಬೇಯಿಸಿ ಬೇಸತ್ತು, "ಕೋಳಿನೇ ತಂದು ಕಟ್ಕೊಳ್ಳಿ" ಎಂದಳು. ಎರಡು ತಿಂಗಳಾದರೂ ತೋಳು ಇದ್ದ ಹಾಗೇ ಇತ್ತು. ಬದಲಾದದ್ದು ಒಂದೇ: ಬೆಳಿಗ್ಗೆ ಮೂತ್ರ ನೊರೆನೊರೆಯಾಗಿ ಹೋಗತೊಡಗಿತು. ಕಿಡ್ನಿ ಕೈಕೊಟ್ಟಿತೆಂದು ನನಗೆ ನಿಜವಾಗಿಯೂ ಭಯವಾಯಿತು. ಜಯಳಿಗೆ ಹೇಳದೆ ಪೇಟೆಯ ಡಾಕ್ಟರ ಬಳಿಗೆ ಓಡಿದೆ.

ಡಾಕ್ಟರು ಸಮಾಧಾನದ ಮನುಷ್ಯ. "ಪ್ರೋಟೀನ್ ಕೂಡಿಡೋಕೆ ದೇಹದಲ್ಲಿ ಸ್ಟೋರ್ ಇಲ್ಲ ರೈಟ್ರೇ. ಬೇಕಾದಷ್ಟು ಇಟ್ಕೊಂಡು, ಮಿಕ್ಕಿದ್ದನ್ನ ಲಿವರ್ ಒಡೆಯುತ್ತೆ. ಅದರ ಸಾರಜನಕ ಯೂರಿಯಾ ಆಗುತ್ತೆ, ಕಿಡ್ನಿ ಅದನ್ನ ಮೂತ್ರದಲ್ಲಿ ಹೊರಗೆ ಹಾಕುತ್ತೆ. ಉಳಿದದ್ದು ಶಕ್ತಿಯಾಗಿ ಖರ್ಚಾಗುತ್ತೆ, ಇಲ್ಲಾಂದ್ರೆ ಕೊಬ್ಬಾಗುತ್ತೆ" ಎಂದರು.

"ಯೂರಿಯಾ ಅಂದ್ರೆ ನಮ್ಮ ಗೊಬ್ಬರದ ಯೂರಿಯಾನಾ ಸಾರ್?"

"ಅದೇ."

ಇಪ್ಪತ್ತು ವರ್ಷ ಮೂಟೆಗಟ್ಟಲೆ ಎಣಿಸಿದ ವಸ್ತುವನ್ನು ನಾನೇ ತಯಾರಿಸುತ್ತಿದ್ದೇನೆಂದು ಯಾರೂ ಹೇಳಿರಲಿಲ್ಲ. "ಯೂರಿಯಾ ಹೋಗ್ಲಿ, ಪ್ರೋಟೀನೇ ಸೋರಿ ಹೋಗ್ತಿದ್ರೆ ಮಾತ್ರ ತೊಂದರೆ. ಇಪ್ಪತ್ನಾಲ್ಕು ಗಂಟೆಯ ಮೂತ್ರ ಪೂರ್ತಿ ಹಿಡಿದು ತನ್ನಿ" ಎಂದರು. ಲ್ಯಾಬಿನವರು ಐದು ಲೀಟರಿನ ಬಿಳಿ ಕ್ಯಾನು ಕೊಟ್ಟರು.

ಕಾಫಿ ಹಣ್ಣಿನ ಪಿಕಿಂಗ್ ಮುಗಿದು ನರ್ಸರಿ ಕೆಲಸ ಶುರುವಾಗಿತ್ತು, ರಜೆ ಹಾಕುವಂತಿರಲಿಲ್ಲ. ಕ್ಯಾನನ್ನು ಚೀಲದಲ್ಲಿಟ್ಟುಕೊಂಡು ಎಸ್ಟೇಟಿಗೇ ಹೋದೆ. ಅದರ ಮೇಲೆ ನನ್ನ ಹೆಸರು ಬರೆದು ಅಂಟಿಸಿದ್ದ ಚೀಟಿಯನ್ನು ನಾಚಿಕೆಯಿಂದ ನಾನೇ ಕಿತ್ತುಹಾಕಿದೆ. ಸ್ಟೋರಿನ ತಂಪು ಮೂಲೆಯಲ್ಲಿ ಬಚ್ಚಿಟ್ಟು, ಆಗಾಗ ಹೋಗಿ ಬರುತ್ತಿದ್ದೆ. ಅದೇ ಮೂಲೆಯಲ್ಲಿ ಗಿಡಕ್ಕೆ ಹಾಕುವ ದನದ ಗಂಜಲವನ್ನೂ ಇಂಥದೇ ಬಿಳಿ ಕ್ಯಾನುಗಳಲ್ಲಿ ಇಡುತ್ತೇವೆ. ಭಯದಲ್ಲಿದ್ದವನಿಗೆ ಅದೆಲ್ಲ ನೆನಪಾಗಲಿಲ್ಲ.

ಮೂರು ಗಂಟೆಗೆ ಹೋಗಿ ನೋಡಿದರೆ ಕ್ಯಾನು ತೊಳೆದು ಬೋರಲು ಹಾಕಿತ್ತು. ನರ್ಸರಿ ನೋಡಿಕೊಳ್ಳುವ ಮುತ್ತಮ್ಮ ಸೆರಗಿಗೆ ಕೈ ಒರೆಸುತ್ತಾ ಬಂದಳು.

"ರೈಟರಣ್ಣ, ನೀವು ಚೀಲದಲ್ಲಿ ತಂದ ಕ್ಯಾನ್‌ನಲ್ಲಿ ಸ್ವಲ್ಪ ಗಂಜಲ ಇತ್ತಲ್ಲ, ನೀರು ಜಾಸ್ತಿ ಬೆರ್ಸಿ ಆ ಕೊನೇ ಸಾಲಿನ ಮೆಣಸು ಬಳ್ಳಿಗೆ ಹಾಕ್ಬಿಟ್ಟೆ. ತಪ್ಪಾಯ್ತಾ?"

ತಪ್ಪೆಂದರೆ ಯಾಕೆಂದು ಹೇಳಬೇಕಿತ್ತು. "ಇಲ್ಲಮ್ಮ, ಒಳ್ಳೇದಾಯ್ತು" ಎಂದೆ. ನನ್ನ ಕಿಡ್ನಿಯ ಭವಿಷ್ಯ ಆ ಸಾಲಿನ ಬುಡದಲ್ಲಿ ಇಂಗುತ್ತಿತ್ತು.

ಜಯಳಿಗೆ ಎಲ್ಲ ಹೇಳಲೇಬೇಕಾಯಿತು. ಬೈದಳು, ಆಮೇಲೆ ಅತ್ತಳು. ಭಾನುವಾರ ಮನೆಯಲ್ಲೇ ಕೂರಿಸಿ, ಹೊಸ ಕ್ಯಾನಿಗೆ ತಾನೇ ಕಾವಲು ಕಾದಳು. ರಿಪೋರ್ಟು ಬಂತು: ಪ್ರೋಟೀನು ಸೋರುತ್ತಿಲ್ಲ, ಯೂರಿಯಾ ಮಾತ್ರ ಧಾರಾಳ. "ಕಿಡ್ನಿ ಚೆನ್ನಾಗಿದೆ. ಪಾಪ, ನೀವು ಅದಕ್ಕೆ ಓವರ್‌ಟೈಮ್ ಮಾಡಿಸ್ತಿದ್ದೀರಿ. ಮೊಟ್ಟೆ ಎರಡು ಸಾಕು, ಪುಡಿ ಬೇಡ" ಎಂದರು ಡಾಕ್ಟರು. ಆಸ್ಪತ್ರೆಯ ಮೆಟ್ಟಿಲಲ್ಲೇ ಕೂತು ಒಂದು ನಿಮಿಷ ಕಣ್ಣು ಮುಚ್ಚಿಕೊಂಡೆ.

ತಿಂಗಳ ಮೇಲೆ ಸಾಹುಕಾರರು ನರ್ಸರಿಗೆ ಬಂದರು. ಕೊನೆಯ ಸಾಲಿನ ಬಳ್ಳಿಗಳು ಕಡುಹಸಿರಾಗಿ ಸೊಕ್ಕಿ ನಿಂತಿದ್ದವು. ದಪ್ಪವಾಗಬೇಕಿದ್ದದ್ದು ನನ್ನ ತೋಳು.

"ಇದಕ್ಕೆ ಏನು ಹಾಕಿದ್ದು?"

"ರೈಟರಣ್ಣ ತಂದ ಗಂಜಲ ಸಾರ್" ಎಂದಳು ಮುತ್ತಮ್ಮ, ಹೆಮ್ಮೆಯಿಂದ.

ಸಾಹುಕಾರರು ನನ್ನ ಕಡೆ ತಿರುಗಿದರು. "ಎಲ್ಲಿಯ ದನ ರೈಟ್ರೇ?"

"ಶಿರಂಗಾಲದ್ದು ಸಾರ್."

"ಮೇವು ಏನು ಹಾಕ್ತಾರೆ?"

"ಹಿಂಡಿ ಸ್ವಲ್ಪ ಜಾಸ್ತಿ ಆಗಿತ್ತು ಸಾರ್. ಈಗ ಕಡಿಮೆ ಮಾಡಿದ್ದಾರೆ."

"ಛೇ, ಯಾಕೆ ಕಡಿಮೆ ಮಾಡಿದ್ದು?" ಎಂದು ಅವರು ಮನಸಾರೆ ನೊಂದುಕೊಂಡರು. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಅವರು ನನ್ನ ವಿಷಯದಲ್ಲಿ ಅಷ್ಟು ಕಾಳಜಿ ತೋರಿಸಿದ್ದು ಅದೇ ಮೊದಲು. ಮನೆಯಲ್ಲಿ ಉಳಿದಿರುವ ಅರ್ಧ ಡಬ್ಬ ಪುಡಿಯನ್ನು ಎಸೆಯಲು ನನಗೆ ಇನ್ನೂ ಮನಸ್ಸು ಬಂದಿಲ್ಲ.